ಚಿಲ್ಲರೆ

ಬೆಳಗ್ಗೆ ಆರೂ ಹತ್ತಕ್ಕೆ ಸ್ಟೇಟ್‌ಬ್ಯಾಂಕಿನಿಂದ ಮೊದಲ ಟ್ರಿಪ್ಪು.
ಅಂಗೈ ಅದಕ್ಕೂ ಮೊದಲೇ ಎದ್ದಿರುತ್ತದೆ.
ಬೆರಳ ಸಂದಿನಲ್ಲಿ ಯಾರೋ ಹತ್ತಿ ಇಳಿದ ಹಾಗೆ,
ಇಳಿದವರು ಮತ್ತೆ ಹತ್ತಿದ ಹಾಗೆ,
ಸ್ಟಾಪೇ ಇಲ್ಲದ ಕಡೆ ನಿಲ್ಲಿಸಿ ನಿಲ್ಲಿಸಿ ಎಂದ ಹಾಗೆ.

ಇಸುಬು ಅಂದರು ವೆನ್ಲಾಕಿನ ಡಾಕ್ಟರಮ್ಮ.
ನಾಣ್ಯದೊಳಗೊಂದು ಲೋಹ ಉಂಟಂತೆ, ಅದು ನನಗಾಗುವುದಿಲ್ಲವಂತೆ.
ಚಿಲ್ಲರೆ ಮುಟ್ಟಬೇಡಿ ಅಂತ ಬರೆದು ಕೊಟ್ಟರು
ಹದಿನೇಳು ವರ್ಷದ ಕಂಡಕ್ಟರನಿಗೆ!
ಡ್ರೈವರ್ ಅದ್ದಾಕ ಚೀಟಿ ಓದಿಸಿಕೊಂಡು
ಕಂಕನಾಡಿ ದಾಟುವ ತನಕ ನಕ್ಕರು.
ಪಂಪ್‌ವೆಲ್ಲಿನಲ್ಲಿ ನನ್ನ ಕೈ ನೋಡಿದರು,
ಆಮೇಲೆ ನಗಲಿಲ್ಲ.

ಕೈ ಕಂಡವರೆಲ್ಲ ಪಂಡಿತರು.
ಧಕ್ಕೆಯಿಂದ ಮೀನು ತರುವ ಗುಲಾಬಿಯಕ್ಕ
ಲಿಂಬೆಹುಳಿ, ಕಲ್ಲುಪ್ಪು, ಗಟ್ಟಿ ತಿಕ್ಕು ಮಗಾ ಅಂದರು.
ತಿಕ್ಕಿದೆ.
ಆ ರಾತ್ರಿ ಕಂಡ ನಕ್ಷತ್ರಗಳಿಗೆ ಆಕಾಶ ಬೇಕಿರಲಿಲ್ಲ.
ಮರುದಿನ ಹೇಳಿದರೆ, ಅಯ್ಯೋ ದೇವರೇ,
ಅದು ಬಂಗುಡೆಗೆ ಮಾರಾಯಾ, ಮನುಷ್ಯರಿಗಲ್ಲ ಅಂದರು.

ಬೆಂದೂರ್‌ವೆಲ್ಲಿನಲ್ಲಿ ಹತ್ತುವ ಸೆವ್ರಿನ್ ಬಾಯಿ ಏನೂ ಹೇಳಲಿಲ್ಲ.
ವಾರ ಕಳೆದು, ಟಿಕೆಟಿನ ಹಣದ ಜೊತೆ
ಪೇಪರಿನಲ್ಲಿ ಸುತ್ತಿದ ಮೊಟ್ಟೆಯಂಥದ್ದೊಂದು ಇಟ್ಟರು.
ಪುನರ್ಪುಳಿ ಬೀಜದ ತುಪ್ಪ. ಮೇಣದಷ್ಟು ಗಟ್ಟಿ,
ಹಳೆಯ ಗೋಡೆಯ ಸುಣ್ಣದ ಬಣ್ಣ.
"ನಮ್ಮ ತಾಯಿ ಹಿಮ್ಮಡಿಗೆ ಹಚ್ಚುತ್ತಿದ್ದದ್ದು. ದುಡ್ಡು ಬೇಡ.
ಕೊಟ್ಟರೆ ಚಿಲ್ಲರೆಯಲ್ಲಿ ಕೊಡ್ತೀರಿ, ಮತ್ತೆ ತುರಿಸ್ತದೆ."

ರಾತ್ರಿ ಹತ್ತೂವರೆಗೆ ಚೀಲ ಕಳಚಿದ ಮೇಲೆ
ವಾರಿಜ ಕುಚ್ಚಲಕ್ಕಿ ಗಂಜಿಯ ತಿಳಿ ಆರಿಸಿಟ್ಟಿರುತ್ತಾಳೆ.
ಅದರಲ್ಲಿ ಕೈ ಬಿಟ್ಟು ಕೂರುತ್ತೇನೆ,
ಕಟ್ಟಿ ಹಾಕಿದ ದೋಣಿಯ ಹಾಗೆ, ಸುಮ್ಮನೆ.
ವಾಸನೆಯ ಸಾಬೂನು ಬಂದ್. ಸುಡುನೀರು ಬಂದ್.
ಒತ್ತಿ ಒರೆಸುತ್ತಾಳೆ, ಉಜ್ಜುವುದಿಲ್ಲ.
ತುಪ್ಪದ ಚೂರು ಕರಗಿಸಿ ಗಾಣದ ತೆಂಗಿನೆಣ್ಣೆ ಬೆರೆಸಿ
ಒಂದೊಂದೇ ಬೆರಳ ನಡುವೆ ಇಳಿಸುತ್ತಾಳೆ,
ನಾನು ನೋಟು ಮಡಚಿ ಸಿಕ್ಕಿಸುವ ಕ್ರಮದಲ್ಲೇ:
ಹತ್ತರದು ಇಲ್ಲಿ, ಇಪ್ಪತ್ತರದು ಇಲ್ಲಿ,
ಐವತ್ತರ ಸಂದು ಜಾಸ್ತಿ ಒಡೆದದ್ದು, ಅಲ್ಲಿಗೆ ಎರಡು ಸಲ.
ಮೇಲೆ ನನ್ನದೇ ಹಳೆ ಪಂಚೆಯ ತುಂಡು.
ಎಲ್ಲ ಸೇರಿ ಎಷ್ಟಾಯ್ತು ಖರ್ಚು, ಕೇಳಿದೆ.
"ತಲಪಾಡಿಗೆ ಹೋಗಿ ಬರುವಷ್ಟು. ಸೀಟು ಇಲ್ಲದೆ."

ಗುಣವಾಯಿತು ಎಂದರೆ ಸುಳ್ಳಾಗುತ್ತದೆ.
ಮೇ ತಿಂಗಳ ಬೆವರಿಗೆ ಅದು ಬಂದೇ ಬರುತ್ತದೆ,
ಫುಟ್‌ಬೋರ್ಡಿನಲ್ಲಿ ನೇತು ಬರುವ ಕಾಲೇಜು ಹುಡುಗನ ಹಾಗೆ,
ಒಳಗೆ ಬಾ ಎಂದರೆ ಬಾರ, ಇಳಿ ಎಂದರೆ ಇಳಿಯ.
ಆಗ ಡಾಕ್ಟರಮ್ಮನ ಮುಲಾಮೂ ಬೇಕು.
ಬಿರುಕು ಕೂಡಿದೆ. ನಿದ್ದೆ ಬರುತ್ತದೆ. ಅಷ್ಟೇ.

ವಾರಿಜಳಿಗೂ ಹೇಳದ ಒಂದು ಮಾತು ಉಂಟು.
ಕೈ ಕೆಂಪಾಗಿ ಒಸರುತ್ತಿದ್ದಾಗ
ಜನ ನಾಣ್ಯವನ್ನು ಗೇಣು ಮೇಲಿಂದ ಬಿಡುತ್ತಿದ್ದರು,
ಬಾವಿಯ ಆಳ ನೋಡುವವರ ಹಾಗೆ.
ನಾನು ಶಬ್ದವಾಗದಂತೆ ಹಿಡಿಯಲು ಕಲಿತೆ.
ಈಗ ಬಹಳ ಮಂದಿ ಫೋನಿನಲ್ಲೇ ಹಾಕುತ್ತಾರೆ.
ಅಂಗೈಗೆ ಒಳ್ಳೆಯದೇ.
ಆದರೂ ಕೆಲವೊಮ್ಮೆ
ಯಾರ ಬೆರಳೂ ತಾಗದೆ ಒಂದು ಟ್ರಿಪ್ಪು ಮುಗಿದಿರುತ್ತದೆ.

ಮೊನ್ನೆ ಜ್ಯೋತಿಯಲ್ಲಿ ಹತ್ತಿದ ಹೈಸ್ಕೂಲು ಹುಡುಗಿ
ಸೆಕೆಯಲ್ಲೂ ತೋಳನ್ನು ಮಣಿಕಟ್ಟಿನ ತನಕ ಎಳೆದುಕೊಂಡು
ಮೊಣಕೈಯ ಮಡಿಕೆಯನ್ನು ಕಂಬಿಗೆ ಒತ್ತಿ ಒತ್ತಿ ನಿಂತಿದ್ದಳು,
ಹೊರಗೇನೋ ನೋಡುತ್ತಿರುವವಳ ಹಾಗೆ.
ಆ ಭಾಷೆ ನನಗೆ ಬರುತ್ತದೆ.
ಟಿಕೆಟು ಕೊಡುವಾಗ ಬಾಯಿಗೆ ಬಂದದ್ದು ಇಷ್ಟು:
ಲಿಂಬೆಹುಳಿ ಮಾತ್ರ ಬೇಡ, ಆಯ್ತಾ?
ಅವಳು ಬೆಚ್ಚಿ ನನ್ನ ಮುಖ ನೋಡಿದಳು,
ಆಮೇಲೆ ಕೈ.
ಅಷ್ಟರಲ್ಲಿ ಹಿಂದಿನಿಂದ ಯಾರೋ ರೈಟ್, ಪೋಯಿ ಅಂದರು.

ಚೀಲದಲ್ಲಿ, ನಾಣ್ಯ ಹಾಕದ ಒಳಕಿಸೆಯಲ್ಲಿ
ಅರ್ಧ ಉಂಡೆ ಉಂಟು, ಪೇಪರು ಆಗಲೇ ಎಣ್ಣೆ ಕುಡಿದಿದೆ.
ಅವಳು ಹತ್ತುವುದು ಎಂಟೂ ಕಾಲಕ್ಕೆ.